ಶುಕ್ರವಾರದ ಕಲಾಯಿ

"ನನ್ನ ಎಂಜಲಕ್ಕ ಬೆಂಕಿ ಹಚ್ಚಾಕತ್ತೀರೇನ್ರಿ? ಹೇಳ್ರಿ! ಇಷ್ಟ ದಿನ ನನ್ನ ಎಂಜಲ ಸುಡಾಕತ್ತಿದ್ರೇನು?"

ಅನ್ವರಬಿ ಎಸೆದ ತಾಮ್ರದ ತಾಟು ಅಂಗಳದ ಕಲ್ಲಿಗೆ ಬಡಿದು, ಉರುಳುತ್ತ ಹೋಗಿ ಒಲೆಯ ಬೂದಿಯಲ್ಲಿ ಬಿತ್ತು.

"ಏ, ಹಗೂರ ಮಾತಾಡು. ಬಾಜೂ ಮನಿಯವರು ಕೇಳ್ತಾರ," ಎಂದ ರಾಜಾಸಾಬ.

"ಕೇಳ್ಲಿ! ತಮ್ಮಗ ನೀವ ಬಾಯಿಬಿಟ್ಟ ಹೇಳೀರಿ. ಬಾಜೂ ಮನಿಯವರು ಏನ ಪಾಪ ಮಾಡ್ಯಾರ?"

ಆ ತಮ್ಮ ಮುನಾವರ ಹೊಸ್ತಿಲ ಬಳಿ ಚಹಾದ ಕಪ್ಪು ಹಿಡಿದು ನಿಂತಿದ್ದ. ಒಂದು ಗುಟುಕೂ ಕುಡಿಯದೆ ಕಪ್ಪನ್ನು ಕಟ್ಟೆಯ ಮೇಲಿಟ್ಟ. "ನಾ ಬರ್ತೀನಿ ಭಾಯಿ. ಶುಕ್ರವಾರ ಊಟಕ್ಕ ಸಿಗ್ತೀನಿ," ಎಂದು ಚಪ್ಪಲಿ ಮೆಟ್ಟಿ ಹೋದ.

ಈ ಮನೆಯಲ್ಲಿ ಮಾತು ದಖ್ಖನಿ ಉರ್ದು, ಜಗಳ ಕನ್ನಡ. ಅನ್ವರಬಿಯ ತವರು ಕೊಂಕಲ್. ಬೈಗುಳವನ್ನೆಲ್ಲ ಅವಳು ಅಲ್ಲೇ ಕಲಿತವಳು, ಅದೂ ಕನ್ನಡದಲ್ಲಿ. ಮದುವೆಯಾಗಿ ಸುರಪುರದ ರಂಗಂಪೇಟೆಗೆ ಬಂದಳು. ಮುಂದೆ ಗಂಡನಿಗೂ ಮಗನಿಗೂ ಸೊಸೆಗೂ ಅವಳೇ ಕಲಿಸಿದಳು.

ರಾಜಾಸಾಬ ಕಲಾಯಿಗಾರ. ತಾಮ್ರ, ಹಿತ್ತಾಳೆಯ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ಮೇಲೆ ತವರ ಸವರಿ ಹತ್ತಿಯಿಂದ ತಿಕ್ಕಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಸ್ಟೀಲು ಬಂದ ಮೇಲೆ ಮನೆಮನೆಯ ಕೆಲಸ ಹೋಯಿತು, ಮದುವೆ ಅಡುಗೆಯ ದೊಡ್ಡ ದೇಗುಗಳದ್ದು ಉಳಿಯಿತು. ಮಗ ತೌಫೀಕ್ ಆ ದೇಗುಗಳನ್ನು ಬಾಡಿಗೆಗೆ ಕೊಡುತ್ತಾನೆ, ಕರೆದಲ್ಲಿ ಅಡುಗೆಯನ್ನೂ ಮಾಡುತ್ತಾನೆ. ಅವನ ಹೆಂಡತಿ ಅರ್ಜುಮಂದ. ಅವರಿಗೆ ಮೂರು ವರ್ಷದ ಮಗಳು, ಫರ್ಹತ.

ಅನ್ವರಬಿಯ ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದಿತ್ತು. ಹೋದ ವರ್ಷ ಒಂದು ಕಣ್ಣಿನ ಶಿಬಿರಕ್ಕೆ ತೌಫೀಕ್ ಕರೆದುಕೊಂಡು ಹೋದ. ಆಪರೇಷನ್ನಿಗೆ ಮೊದಲು ರಕ್ತ ನೋಡಿದರು. ಎಚ್‌ಐವಿ ಎಂದು ಬಂತು. ಆಮೇಲೆ ರಾಜಾಸಾಬನ ರಕ್ತವನ್ನೂ ನೋಡಿದರು. ಅವನಿಗೂ ಅದೇ. ಸುರಪುರದಲ್ಲಿ ಗುರುತಿನವರು ಕಂಡಾರೆಂದು ಶಹಾಪುರದ ದವಾಖಾನೆಗೆ ಹೋಗಿ ಗುಳಿಗೆ ತರುತ್ತಾರೆ. ಇಬ್ಬರಿಗೂ ಒಂದೇ ಗುಳಿಗೆ, ಒಂದೇ ಡಬ್ಬಿಯಲ್ಲಿ ಇಡುವುದು. ತಾಟು ಮಾತ್ರ ಅನ್ವರಬಿಗೆ ಬೇರೆಯಾಯಿತು.

ಶುಕ್ರವಾರ ನಮಾಜು ಮುಗಿದ ಮೇಲೆ ಈ ಮನೆಯಲ್ಲಿ ಒಂದೇ ದೊಡ್ಡ ತಬಕಿನ ಸುತ್ತ ಎಲ್ಲರೂ ಕೂತು ಉಣ್ಣುತ್ತಾರೆ. ಉಳಿದ ಮನೆಗಳಲ್ಲಿ ಗಂಡಸರು ಮೊದಲು, ಹೆಂಗಸರು ಆಮೇಲೆ. ಇಲ್ಲಿ ಹಾಗಲ್ಲ. ಕೂಡಿ ಉಣ್ಣುವ ಮನೆ ಒಡೆಯುವುದಿಲ್ಲ ಎಂದು ರಾಜಾಸಾಬನ ತಾಯಿ ಹಾಕಿಕೊಟ್ಟ ಕಟ್ಟಳೆ ಅದು. ರಕ್ತದ ಸಂಗತಿ ಗೊತ್ತಾದ ಮೊದಲ ಶುಕ್ರವಾರ ರಾಜಾಸಾಬ ಹೆಂಡತಿಯನ್ನು ಮೂಲೆಗೆ ಕೂರಿಸಿ, ಅವಳ ಮುಂದೆ ಒಂದು ಸಣ್ಣ ತಾಟು ಇಟ್ಟ. "ನಿನಗ ಕಣ್ಣ ಕಾಣಂಗಿಲ್ಲ. ತಬಕಿನ್ಯಾಗ ಕೈ ಎಲ್ಲೆಲ್ಲೋ ಹೋಗತದ. ಹೊಳಿಯೋ ತಾಟಿನ್ಯಾಗ ಅನ್ನ ಸಾಫ್ ಕಾಣತದ, ಉಣ್ಣು," ಎಂದ. ಪ್ರತಿ ಶುಕ್ರವಾರ ಮುಂಜಾನೆ ಅದಕ್ಕೆ ಹೊಸದಾಗಿ ಕಲಾಯಿ ಹಾಕಿದ.

ನಿಜಕ್ಕೂ ಅವಳಿಗೆ ಅದು ಕಾಣುತ್ತಿತ್ತು. ಉಳಿದದ್ದೆಲ್ಲ ಮಂಜು, ನಡುವೆ ಆ ತಾಟೊಂದು ಬೆಳ್ಳಗೆ. "ಈ ವಯಸ್ಸಿನ್ಯಾಗ ಯಾವ ಗಂಡ ಇಷ್ಟ ಮಾಡ್ತಾನವ್ವ?" ಎಂದು ಬಾಜೂ ಮನೆಯ ಮರಿಲಿಂಗಮ್ಮನಿಗೆ ಹೇಳಿಕೊಂಡು ಹಿಗ್ಗಿದ್ದಳು. ಈಗ ಅದೇ ಗಂಡ ತಮ್ಮನಿಗೆ ಪಿಸುಮಾತಿನಲ್ಲಿ ಹೇಳುವುದನ್ನು ಅವಳೇ ಕೇಳಿಸಿಕೊಂಡಿದ್ದಳು. ಆಕಿಗೆ ಆ ರೋಗ ಅದ, ಅಂಜಬ್ಯಾಡ, ಆಕಿ ತಾಟ ನಾ ವಾರಕ್ಕೊಮ್ಮೆ ಬೆಂಕಿಗೆ ಹಾಕ್ತೀನಿ, ಕಲಾಯಿ ಮ್ಯಾಲೆ ಯಾವ ರೋಗನೂ ನಿಲ್ಲಂಗಿಲ್ಲ, ಎಂದು. ತನ್ನ ರೋಗದ ಮಾತನ್ನು ಅವನು ಎತ್ತಲೇ ಇಲ್ಲ.

ಆ ದಿನದಿಂದ ಅನ್ವರಬಿ ತಾಟು ಮುಟ್ಟಲಿಲ್ಲ. ರೊಟ್ಟಿಯನ್ನು ಅಂಗೈ ಮೇಲೆ ಇಡಿಸಿಕೊಂಡು, ಅದರ ಮೇಲೇ ಪುಂಡಿಪಲ್ಯ ಹಾಕಿಸಿಕೊಂಡು ತಿಂದಳು.

"ತಾಟ ತಗೋ. ಹಟ ಮಾಡಬ್ಯಾಡ," ಎಂದ ರಾಜಾಸಾಬ.

"ಯಾಕ? ಕೈಗೆ ಕಲಾಯಿ ಹಾಕ್ರಿ ಈಗ. ಕಾಸ್ರಿ, ನವಸಾಗರ ಉದುರಸ್ರಿ."

ಅರ್ಜುಮಂದಳಿಗೆ ನಗು ಬಂತು. ಮೂರು ದಿನ ಕಳೆದ ಮೇಲೆ ಆ ನಗು ಹೋಯಿತು. ಬಿಸಿ ಸಾರು ಅಂಗೈಯಲ್ಲಿ ನಿಲ್ಲುವುದಿಲ್ಲ. ಅತ್ತೆ ಒಣ ರೊಟ್ಟಿ ಅಗಿಯುತ್ತಿದ್ದಳು. ಗುಳಿಗೆಯನ್ನು ಮಾತ್ರ ಬಿಟ್ಟಿರಲಿಲ್ಲ. "ಅಮ್ಮಾ, ಸಾರ ಹಾಕಿಕೊಡ್ತೀನಿ, ವಾಟ್ಯಾಗ ಕುಡೀರಿ," ಎಂದಳು ಸೊಸೆ.

"ವಾಟಿನೂ ಸುಡಬೇಕಾಗತದವ್ವ. ನಿನ್ನ ಮಾವಗ ಕೆಲಸ ಹೆಚ್ಚಾಗತದ. ನೀನೂ ಕೂಸಿನ್ನ ನನ್ನ ತೊಡಿ ಮ್ಯಾಲಿಂದ ಎತ್ತಿಕೊಂಡಾಕಿ. ನನಗ ಗೊತ್ತಾಗಿಲ್ಲ ಅಂತ ತಿಳದೀಯೇನು?"

ಕೂಸಿಗೆ ಅಜ್ಜಿಯ ಕೈತುತ್ತು ಬಿಡಿಸಿದ್ದೂ ಅರ್ಜುಮಂದಳೇ. ಸಿಟ್ಟಿನಿಂದ ಒಳಗೆ ಹೋಗಿ ಪಾತ್ರೆಗಳನ್ನು ದಡದಡ ತೊಳೆದಳು.

ಮುಂದಿನ ವಾರ ಉಮಾಶ್ರೀ ಬಂದಳು. ಆರೋಗ್ಯದ ಸಂಶೋಧನೆ ಮಾಡುವ ತಂಡವೊಂದರ ಹುಡುಗಿ. ಯಾದಗಿರಿ, ಶಹಾಪುರ, ಸುರಪುರದ ಕಡೆ ತಿರುಗಿ ಈ ಗುಳಿಗೆ ನುಂಗುವವರ ಕಷ್ಟಸುಖ ಕೇಳುವುದು ಅವಳ ಕೆಲಸ. ಶಹಾಪುರದ ದವಾಖಾನೆಯಲ್ಲಿ ಅನ್ವರಬಿಯೇ ಅವಳಿಗೆ ಮನೆಗೆ ಬಾ ಎಂದಿದ್ದಳು. ಓಣಿಯವರಿಗೆ ಸಂಶಯ ಬಾರದಿರಲಿ ಎಂದು, ಮದುವೆಯ ದೇಗು ಕೇಳಲು ಬಂದವಳ ಹಾಗೆ ಬಂದಳು.

ಮರಿಲಿಂಗಮ್ಮ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. "ಯಾರ ಮದುವಿನವ್ವ?"

"ನಂದ್ರಿ," ಎಂದಳು ಉಮಾಶ್ರೀ. ಬೇರೆ ಏನು ಹೇಳಬೇಕೆಂದು ಅವಳಿಗೆ ತೋಚಲಿಲ್ಲ.

"ನಿನ್ನ ಮದುವಿಗೆ ನೀನ ದೇಗು ನೋಡಾಕ ಬಂದೀಯಲ್ಲ! ಅಪ್ಪ ಅಣ್ಣ ಯಾರೂ ಇಲ್ಲೇನು?"

ಒಳಗೆ ಬಂದು ಕೂತ ಮೇಲೂ ಉಮಾಶ್ರೀಯ ಕಿವಿ ಕೆಂಪಗಿದ್ದವು. "ಅಮ್ಮಾರ ಜೋಡಿ ಒಬ್ಬರ ಜೋಡೀನ ಮಾತಾಡಬೇಕ್ರಿ," ಎಂದಳು.

"ನಮ್ಮ ಮನ್ಯಾಗ ಗುಟ್ಟ ಅನ್ನೋದಿಲ್ಲ," ಎಂದ ರಾಜಾಸಾಬ.

"ಇಲ್ಲಂತ ನೋಡವ್ವ," ಎಂದಳು ಅನ್ವರಬಿ. "ಎಲ್ಲಾರೂ ಕೂಡ್ಲಿ. ನನಗೂ ಅದ ಬೇಕು. ನೀ ಏನ ಕೇಳ್ತಿ ಕೇಳು."

"ಒಂದ ರೋಗ, ಒಂದ ಗುಳಿಗಿ. ಆದ್ರ ಕೆಲವರು ಆರಾಮಾಗಿ ಇರ್ತಾರ, ಕೆಲವರು ಸೊರಗತಾರ. ಬಡವರು, ಹೆಣಮಕ್ಕಳು ಯಾಕ ಹಿಂದ ಬೀಳ್ತಾರ ಅಂತ ತಿಳಕೊಳ್ಳಾಕ ಬಂದೀನ್ರಿ."

"ರೋಗಕ್ಕ ಗಂಡಸು ಹೆಂಗಸು ಅಂತ ಅದನು?" ರಾಜಾಸಾಬ ನಕ್ಕ.

ಉಮಾಶ್ರೀ ನಗಲಿಲ್ಲ. ಶಹಾಪುರಕ್ಕೆ ಯಾರ ಜೊತೆ ಹೋಗುತ್ತೀರಿ, ಬಸ್ಸು ತಪ್ಪಿದರೆ ಏನು ಮಾಡುತ್ತೀರಿ, ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಎಂದೆಲ್ಲ ಕೇಳಿದಳು. ಆಮೇಲೆ, "ರೋಗ ಗೊತ್ತಾದ ಮ್ಯಾಲೆ ಯಾರದರ ತಾಟ ಬ್ಯಾರೆ ಮಾಡೀರೇನ್ರಿ?" ಎಂದಳು.

"ಮಾಡೀವಿ. ಆಕೀದು," ಎಂದ ರಾಜಾಸಾಬ. "ಅದರ ಜವಾಬ್ದಾರಿ ನಂದು. ಕಲಾಯಿ ಹಾಕ್ತೀನಿ. ಮನಿಗೆ ಏನೂ ಆಗಂಗಿಲ್ಲ."

"ಮತ್ತ ನಿಮ್ಮ ತಾಟ?"

"ನಂದ್ಯಾಕ?"

"ನೀವೂ ಅದ ಗುಳಿಗಿ ತಗೋತೀರಲ್ರಿ."

ರಾಜಾಸಾಬ ಮಗನ ಮುಖ ನೋಡಿದ. ತೌಫೀಕ್ ನೆಲ ನೋಡಿದ. ಅರ್ಜುಮಂದ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು.

"ನಂದ ಬ್ಯಾರೆ," ಎಂದ ರಾಜಾಸಾಬ. "ಹುಡುಗ ಇದ್ದಾಗಿಂದ ನವಸಾಗರದ ಹೊಗಿ ನುಂಗೀನಿ. ನನ್ನ ಬಾಯಾಗ ಯಾವ ಹುಳ ಉಳಿತದ?" ತಮಾಷೆಗಲ್ಲ, ನಂಬಿಯೇ ಹೇಳಿದ.

"ಹೊಗಿಯಿಂದ ಅಲ್ರಿ. ಕೂಡಿ ಉಂಡ್ರ, ಒಂದ ವಾಟ್ಯಾಗ ನೀರ ಕುಡದ್ರ ಇದು ಹತ್ತೋದ ಇಲ್ಲ. ಕಲಾಯಿ ಹಾಕಿದ್ರೂ ಅಷ್ಟ, ಹಾಕದಿದ್ರೂ ಅಷ್ಟ. ಶಹಾಪುರದಾಗ ನಿಮಗ ಹೇಳ್ಯಾರಲ್ಲ?"

"ಹೇಳ್ಯಾರ. ಅವರೇನ ಕಲಾಯಿ ಹಾಕ್ಯಾರೇನು, ಅವರಿಗೇನ ಗೊತ್ತು?"

ಅನ್ವರಬಿ ಮೊಣಕಾಲು ಹಿಡಿದುಕೊಂಡು ಕೂತಿದ್ದಳು. ಧ್ವನಿ ಏರಿಸದೆ ಹೇಳಿದಳು: "ಒಂದ ಡಬ್ಬಿಯಿಂದ ಇಬ್ಬರೂ ನುಂಗತೀವಿ. ಇವರು ತಬಕಿನ್ಯಾಗ, ನಾ ಮೂಲ್ಯಾಗ. ನನಗೂ ಈಗ ಹೊಳೀತು ನೋಡವ್ವ. ಇಷ್ಟ ದಿನ ನನಗೂ ಹೊಳಿಲಿಲ್ಲ."

ಉಮಾಶ್ರೀ ಮತ್ತೆ ಕೇಳಿದಳು. "ರೋಗ ಅದ ಅಂತ ಯಾವದರ ದವಾಖಾನಿಯಿಂದ ವಾಪಸ್ ಕಳಿಸ್ಯಾರೇನ್ರಿ ಅಮ್ಮಾ?"

"ಇಲ್ಲವ್ವ. ಕಣ್ಣಿನ ಶಿಬಿರಕ್ಕ ಹೋಗಿದ್ವಿ. ಮೋತಿಬಿಂದು ಇನ್ನಾ ಹಣ್ಣಾಗಿಲ್ಲ, ಆಮ್ಯಾಲೆ ಬರ್ರಿ ಅಂದ್ರು. ಹೌದಲ್ಲೋ ತೌಫೀಕ್?"

ತೌಫೀಕ್ ಎದ್ದು ನಿಂತ. "ಬಾಳಿಚಕ್ರದ ಮದುವಿಗೆ ದೇಗು ಕಳಿಸಬೇಕು. ಗಾಡಿ ಬಂದಿರತದ."

"ಕೂಡ್ರಿ," ಎಂದಳು ಅರ್ಜುಮಂದ. "ಅಮ್ಮ ಕೇಳಿದ್ದಕ್ಕ ಹೇಳಿ ಹೋಗ್ರಿ."

ತೌಫೀಕ್ ಕೂರಲಿಲ್ಲ, ಹೋಗಲೂ ಇಲ್ಲ. "ಹಣ್ಣಾಗಿಲ್ಲ ಅಂದಿದ್ದು ನಾ," ಎಂದ. "ರಕ್ತದ ರಿಪೋರ್ಟ್ ನೋಡಿ ಅವರು ಮಾಡಂಗಿಲ್ಲ ಅಂದ್ರು. ಎಲ್ಲಾರ ಮುಂದ ಜೋರಾಗಿ ಅಂದ್ರು. ಅಮ್ಮ ಹೊರಗ ಬೆಂಚ ಮ್ಯಾಲೆ ಕೂತಿದ್ಲು. ಏನಂತ ಹೇಳ್ಲಿ? ಹಣ್ಣಾಗಿಲ್ಲ ಅಂದೆ."

ಒಂದು ವರ್ಷದಿಂದ ಅನ್ವರಬಿ ತನ್ನ ಕಣ್ಣು ಹಣ್ಣಾಗಲಿ ಎಂದು ಕಾಯುತ್ತಿದ್ದಳು. ದಿನಾ ಮುಂಜಾನೆ ಸೂರ್ಯನ ಕಡೆ ಮುಖ ಮಾಡಿ, ಇನ್ನೂ ಎಷ್ಟು ಮಬ್ಬಾಗಬೇಕು ಎಂದು ನೋಡುತ್ತಿದ್ದಳು.

ಅರ್ಜುಮಂದ ಗಂಡನನ್ನು ಬಿಟ್ಟು ಉಮಾಶ್ರೀಯ ಮೇಲೆ ಹರಿಹಾಯ್ದಳು. "ಎಲ್ಲಾ ಕೆದರಿದ್ರಿ! ಕೇಳ್ತೀರಿ, ಬರಕೋತೀರಿ, ಹೋಗ್ತೀರಿ. ನಮಗ ಏನ ಸಿಗತದ?"

"ಇವತ್ತ ನಿಮಗ ಏನೂ ಸಿಗಂಗಿಲ್ರಿ ಅಕ್ಕಾ," ಎಂದಳು ಉಮಾಶ್ರೀ. ಅವಳ ಕಣ್ಣಲ್ಲಿ ನೀರಿತ್ತು. "ಸುಳ್ಳ ಹೇಳಂಗಿಲ್ಲ. ನಾ ಡಾಕ್ಟರ್ ಅಲ್ಲ. ಆದ್ರ ಈ ರೋಗ ಅದ ಅಂತ ಯಾರಿಗೂ ಇಲಾಜ್ ಇಲ್ಲ ಅನ್ನಂಗಿಲ್ಲ. ಕಾಯ್ದೆ ಅದ."

"ಕಾಯ್ದೆ ಅದನು?"

"ಅದ್ರಿ."

"ಅದನ್ನ ಬಂದ ಕೂಡ್ಲೆ ಹೇಳಬೇಕಿಲ್ಲೇನು! ಬಸ್ ತಪ್ಪಿದ್ರ ಏನ ಮಾಡ್ತೀರಿ ಅಂತ ಕೇಳಾಕತ್ತೀರಿ!"

ಹೀಗೆಂದು ಅರ್ಜುಮಂದ ಅಂಗಳಕ್ಕೆ ಹೋದಳು. ಜಗಳದ ದಿನದಿಂದ ಬೂದಿಯಲ್ಲೇ ಬಿದ್ದಿದ್ದ ತಾಟನ್ನು ಎತ್ತಿ ಸೆರಗಿನಿಂದ ಒರೆಸಿದಳು. ಅತ್ತೆ ಅರ್ಧ ತಿಂದು ಬಿಟ್ಟಿದ್ದ ರೊಟ್ಟಿಯನ್ನು ಅದರಲ್ಲಿ ಹಾಕಿ, ಮೇಲೆ ಸಾರು ಸುರಿದು, ಮಾವನ ಎದುರಿಗೇ ಕೂತು ಉಂಡಳು. ಅರ್ಧಕ್ಕೇ ಗಂಟಲಲ್ಲಿ ಸಿಕ್ಕು ಕೆಮ್ಮು ಬಂತು. ಆದರೂ ತಾಟನ್ನು ಖಾಲಿ ಮಾಡಿದಳು. ಯಾರ ಮೇಲಿನ ಪ್ರೀತಿಗೂ ಅಲ್ಲ, ಸಿಟ್ಟಿಗೆ. ಕೂಸನ್ನು ತೊಡೆಯಿಂದ ಎತ್ತಿಕೊಂಡಿದ್ದ ತನ್ನ ಮೇಲಿನ ಸಿಟ್ಟೂ ಅದರಲ್ಲಿತ್ತು.

"ನೀರ ಕೊಡ್ರೋ ಆಕಿಗೆ," ಎಂದಳು ಅನ್ವರಬಿ. "ಸೊಸಿ ಸತ್ತಗಿತ್ತಾಳು, ಅದನ್ನೂ ನನ್ನ ರೋಗದ ಮ್ಯಾಲೆ ಹಾಕ್ತೀರಿ."

ಮರುವಾರ ಅತ್ತೆ ಸೊಸೆ ಯಾದಗಿರಿಯ ಬಸ್ಸು ಹತ್ತಿದರು. ಫರ್ಹತಳನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ, ಅರ್ಜುಮಂದ ದಾರಿಯುದ್ದಕ್ಕೂ ಡಾಕ್ಟರಿಗೆ ಏನೇನು ಅನ್ನಬೇಕೆಂದು ಬಾಯಲ್ಲೇ ಜೋಡಿಸಿಕೊಂಡಳು. "ಕಾಯ್ದೆ ಅದ ಅಂತೀನಿ. ಪೇಪರಿಗೆ ಕೊಡ್ತೀನಿ ಅಂತೀನಿ. ಬಾಗಲದಾಗ ಕೂಡ್ತೀನಿ, ಯಾವ ಮಗ ಎಬ್ಬಸ್ತಾನ ನೋಡ್ತೀನಿ."

"ಬೈಗುಳ ಕನ್ನಡದಾಗ ಬೈಯವ್ವ, ಚೊಲೋ ಹತ್ತತದ," ಎಂದಳು ಅನ್ವರಬಿ.

ಸರ್ಕಾರಿ ದವಾಖಾನೆಯ ಕಣ್ಣಿನ ಡಾಕ್ಟರು ಒಬ್ಬ ಹೆಣ್ಣುಮಗಳು. ರಿಪೋರ್ಟ್ ನೋಡಿದಳು, ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. "ಇಷ್ಟ ದಿನ ಯಾಕ ಬಿಟ್ರಿ ಅಮ್ಮಾ? ಗುಳಿಗಿ ಬಿಡದ ತಗೋತೀರಲ್ಲ? ಮತ್ತೇನು, ಮಾಡೋಣ. ಮೊದಲ ಬಲಗಣ್ಣು. ಗುರುವಾರ ಬರ್ರಿ."

ಅರ್ಜುಮಂದ ಬಾಯಿ ತೆರೆದು ನಿಂತಿದ್ದಳು. "ಮಾಡ್ತೀರೇನ್ರಿ?"

"ಮಾಡಾಕ ಅಲ್ಲೇನವ್ವ ಕೂತಿರೋದು?"

ಬಸ್ಸಿನಲ್ಲಿ ಜೋಡಿಸಿಟ್ಟ ಮಾತುಗಳೆಲ್ಲ ಹಾಗೇ ಉಳಿದವು. ಹೊರಗೆ ಬಂದು, ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ಚಹಾದವನಿಗೆ ಅವನ್ನೆಲ್ಲ ಬೈದಳು. ಚಹಾದವ ಸುಮ್ಮನೆ ಇನ್ನೊಂದು ಚಮಚ ಹಾಕಿದ. ಅನ್ವರಬಿ ಕೂತಲ್ಲೇ ಎರಡೂ ಕೈಯನ್ನು ಮೇಲಕ್ಕೆತ್ತಿ ಅಲ್ಲಾಹನಿಗೆ ಶುಕ್ರ್ ಹೇಳಿದಳು. ಆಮೇಲೆ ಡಾಕ್ಟರಿಗೆ, ದೇಗು ಕೇಳಲು ಬಂದ ಹುಡುಗಿಗೆ, ಕೊನೆಗೆ ಚಹಾದವನಿಗೂ ಹೇಳಿದಳು. "ಬೈಸಿಕೊಂಡನಪ್ಪ ಪಾಪ, ಅಂವಗೂ ಒಳ್ಳೇದಾಗಲಿ."

ಗುರುವಾರ ಆಪರೇಷನ್ ಆಯಿತು. ತೌಫೀಕ್ ಅಡುಗೆಯ ಕರೆಯೊಂದನ್ನು ಬಿಟ್ಟು ತಾಯಿಯ ಹಾಸಿಗೆಯ ಬಳಿ ಕೂತ. ಅವಳು ಅವನ ಕೈ ಹಿಡಿದುಕೊಂಡೇ ಇದ್ದಳು. "ನೀ ಸುಳ್ಳ ಹೇಳಿದ್ದು ನನ್ನ ಸಲುವಾಗಿ. ಗೊತ್ತದ. ಆದ್ರ ಇನ್ನೊಮ್ಮೆ ಹೇಳಬ್ಯಾಡ," ಎಂದಳು ಸಂಜೆಗೆ.

ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದಳು. "ಯವ್ವಾ, ಮನಿ ಇಷ್ಟ ಹೊಲಸದನು?"

"ನಾಳೆಯಿಂದ ನೀವ ಕಸ ಹೊಡೀರಿ," ಎಂದಳು ಅರ್ಜುಮಂದ. ಕಣ್ಣಲ್ಲಿ ನೀರು ತುಂಬಿದ್ದು ಕಾಣಬಾರದೆಂದು ಒಳಗೆ ಹೋದಳು. ಆದರೆ ಅತ್ತೆಗೆ ಈಗ ಎಲ್ಲ ಕಾಣುತ್ತಿತ್ತು.

ರಾಜಾಸಾಬ ಅಂಗಳದಲ್ಲಿ ದೇಗು ತಿಕ್ಕುತ್ತಿದ್ದ. ಅವನ ಬೆರಳುಗಳ ಸುಟ್ಟ ಕಲೆಗಳನ್ನು ಅವಳು ಬಹಳ ದಿನದ ಮೇಲೆ ನೋಡಿದಳು. ಅವನು ತಲೆ ಎತ್ತಲಿಲ್ಲ. "ಕಾಣತದೇನು?" ಎಂದ.

"ಕಾಣತದ. ಭಾಳ ಮುದುಕ ಆಗೀರಿ."

"ತಾಟ..." ಎಂದು ಅವನು ಅರ್ಧಕ್ಕೇ ನಿಲ್ಲಿಸಿದ. ಆಮೇಲೆ, "ಮುಂಬೈಗೆ ಕೆಲಸಕ್ಕ ಹೋಗ್ತಿದ್ದೆನಲ್ಲ ಆವಾಗ. ನನ್ನಿಂದನ ನಿನಗ ಬಂದಿರಬೇಕು," ಎಂದ.

"ಮತ್ತ ಯಾರಿಂದ ಬರತದ? ನಾ ಕೊಂಕಲ್ ಬಿಟ್ರ ಸುರಪುರ, ಸುರಪುರ ಬಿಟ್ರ ಕೊಂಕಲ್."

"ಮುನಾವರಗ ನಿನ್ನ ಹೆಸರ ಅಷ್ಟ ಹೇಳೀನಿ."

"ಅದೂ ಗೊತ್ತದ."

ಮರುವಾರದ ಶುಕ್ರವಾರ ಬಂತು. ತೌಫೀಕ್ ಬಗಾರಾ ಅನ್ನ, ಬೇಳೆ-ಮಾಂಸದ ದಾಲ್ಚಾ ಮಾಡಿದ. ನಮಾಜು ಮುಗಿಸಿ ರಾಜಾಸಾಬ, ಮುನಾವರ ಕೂಡಿ ಬಂದರು. ಮುನಾವರ ಅತ್ತಿಗೆಯ ಕಣ್ಣಿನ ಸುದ್ದಿ ಕೇಳಿ ಖುಷಿಪಟ್ಟ. ಅದು ನಿಜವಾದ ಖುಷಿಯೇ. ತಬಕು ನಡುವೆ ಬಂತು. ಎಲ್ಲರೂ ಸುತ್ತ ಕೂತರು. ಅನ್ವರಬಿ ಬಂದು ಗಂಡನ ಪಕ್ಕದಲ್ಲಿ, ತನ್ನ ಹಳೆಯ ಜಾಗದಲ್ಲಿ ಕೂತು, ಫರ್ಹತಳನ್ನು ತೊಡೆಗೆ ಎಳೆದುಕೊಂಡಳು.

ಮುನಾವರನ ಕೈ ತುತ್ತಿನ ಸಮೇತ ನಿಂತಿತು. "ಭಾಬಿಗೆ ಬ್ಯಾರೆ ತಾಟ ಇತ್ತಲ್ಲ ಭಾಯಿ? ಕಲಾಯಿದು?"

"ಇತ್ತು. ಅದರಾಗ ಈಗ ಕೋಳಿಗೆ ಕಾಳ ಹಾಕ್ತೀವಿ," ಎಂದಳು ಅರ್ಜುಮಂದ.

"ಹಂಗಂದ್ರ ಹ್ಯಾಂಗ? ಕೂಸ ಕುಂತದ ಇಲ್ಲಿ. ಭಾಯಿ, ನೀವ ಹೇಳ್ರಿ."

ರಾಜಾಸಾಬ ದಾಲ್ಚಾದ ಸೌಟು ಕೆಳಗಿಟ್ಟ. ಅನ್ವರಬಿ ಅವನ ಕಡೆ ತಿರುಗಲಿಲ್ಲ, ಅನ್ನದ ಕಡೆ ನೋಡುತ್ತ ಕೂತಳು. ಅವನು ಏನೂ ಅನ್ನದಿದ್ದರೆ ಎದ್ದು ಮೂಲೆಗೆ ಹೋಗುವುದು ತಾನೇ ಎಂದು ಅವಳಿಗೆ ಗೊತ್ತಿತ್ತು.

"ನನಗೂ ಅದ ಅದ, ತಮ್ಮಾ," ಎಂದ ರಾಜಾಸಾಬ.

"ಏನದ?"

"ಆಕಿಗೆ ಇರೋದ. ನನ್ನಿಂದನ ಆಕಿಗೆ ಬಂದದ. ಒಂದ ಡಬ್ಬಿ ಗುಳಿಗಿ ಇಬ್ಬರೂ ನುಂಗತೀವಿ. ನಿನಗ ಆಕಿದಷ್ಟ ಹೇಳಿದ್ದೆ, ನಂದ ಮುಚ್ಚಿಟ್ಟಿದ್ದೆ. ತಪ್ಪ ನಂದು."

ಮುನಾವರ ಕೈಯಲ್ಲಿದ್ದ ತುತ್ತನ್ನು ನೋಡಿದ. "ಇಷ್ಟ ದಿನ ನನ್ನ ಜೋಡಿ ಒಂದ ತಬಕಿನ್ಯಾಗ ಉಂಡ್ರಿ."

"ಉಂಡೆ. ನಿನಗೇನಾಗ್ಯಾದ? ನಮ್ಮೆಲ್ಲಾರಕಿಂತ ದಪ್ಪ ಆಗೀದಿ. ಕೂಡಿ ಉಂಡ್ರ ಇದು ಹತ್ತಂಗಿಲ್ಲೋ. ನಾನೂ ತಿಳಕೊಳ್ಳಾಕ ಭಾಳ ದಿನ ತಗೊಂಡೆ. ಕೂಡು, ಹೇಳ್ತೀನಿ."

ಮುನಾವರ ತುತ್ತನ್ನು ತಬಕಿನ ಅಂಚಿಗಿಟ್ಟು ಎದ್ದ. ಕೈ ತೊಳೆದ. ಸೋಪು ಹಚ್ಚಿ ಮತ್ತೊಮ್ಮೆ ತೊಳೆದ. ಯಾರ ಮುಖವನ್ನೂ ನೋಡದೆ ಬಾಗಿಲಿಗೆ ಹೋಗಿ, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ ಹೊರಟ.

"ಚಾಚಾ!" ತೌಫೀಕ್ ಎದ್ದು ನಿಂತ.

"ಕೂಡು," ಎಂದಳು ಅನ್ವರಬಿ. "ಅನ್ನ ಆರತದ."

ಓಣಿಯಲ್ಲಿ ಮರಿಲಿಂಗಮ್ಮನ ಧ್ವನಿ ಕೇಳಿಸಿತು. "ಮುನಾವರಣ್ಣ, ಊಟ ಇಷ್ಟ ಲಗೂ ಆತೇನು? ಆ ದೇಗಿನ ಹುಡುಗಿ ಮದುವಿ ಯಾವಾಗಂತ?"

ಅನ್ವರಬಿ ತಬಕಿನೊಳಗೆ ಕೈ ಹಾಕಿದಳು. ಮಾಂಸದ ತುಂಡೊಂದನ್ನು ಬಿಡಿಸಿ ಮೊದಲ ತುತ್ತನ್ನು ಫರ್ಹತಳ ಬಾಯಿಗಿಟ್ಟಳು. ಅರ್ಜುಮಂದ ನೋಡುತ್ತಿದ್ದಳು, ತಡೆಯಲಿಲ್ಲ. ಎರಡನೆಯ ದೊಡ್ಡ ತುಂಡನ್ನು ಅನ್ವರಬಿ ಗಂಡನ ಕಡೆ ಸರಿಸಿದಳು. "ಉಣ್ಣ್ರಿ. ಹೇಳಿದ್ರಲ್ಲ, ಸಾಕು. ನಿಮಗೂ ಒಳ್ಳೇದಾಗಲಿ."

ರಾಜಾಸಾಬ ಆ ತುಂಡನ್ನು ತಬಕಿನ ಅಂಚಿಗೆ ಸರಿಸಿದ. "ಬರ್ತಾನ ಬಿಡು. ನಾಳೆ ನಾಡದ ಬರ್ತಾನ," ಎಂದ.

ಅನ್ವರಬಿ ಬಾಗಿಲ ಕಡೆ ನೋಡಿ ಒಮ್ಮೆಲೆ ನಕ್ಕಳು. "ನೋಡ್ರಿ ಅಲ್ಲಿ. ಒಂದ ತನ್ನದ ಮೆಟ್ಟ್ಯಾನ, ಒಂದ ನಿಮ್ದ."

ಎಲ್ಲರೂ ತಿರುಗಿ ನೋಡಿದರು. ಹೊಸ್ತಿಲಾಚೆ ಜೋಡಿಯಾಗದ ಎರಡು ಚಪ್ಪಲಿ ಉಳಿದಿದ್ದವು. ಒಂದು ಕರಿಯದು, ಒಂದು ಕಂದು. ಕೂತಲ್ಲಿಂದಲೇ ಅವಳಿಗೆ ಬಣ್ಣ ತಿಳಿದಿತ್ತು.

ಮುನಾವರ ಮರುದಿನ ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ರಾಜಾಸಾಬ ಹೊಸ ಚಪ್ಪಲಿ ತರಲಿಲ್ಲ. ಒಂದು ಕರಿ, ಒಂದು ಕಂದು ಮೆಟ್ಟಿಕೊಂಡೇ ಮಸೀದಿಗೆ ಹೋಗಿ ಬರುತ್ತಾನೆ. ತಬಕಿನ ಸುತ್ತ ತಮ್ಮನ ಜಾಗವನ್ನು ಬಿಟ್ಟೇ ಕೂರುತ್ತಾರೆ.